ಹೂಂಗುಟ್ಟುವವರಿಲ್ಲದ ಮಾತು

ಪಾರಾಮಾರಿಬೋ
16 ಆಗಸ್ಟ್ 1963

ಜಾಬಿನಿ ಮಾವನಿಗೆ,

ಈ ಕಾಗದವನ್ನು ನೀವೊಬ್ಬರೇ ಓದಿ. ಅವ್ವನ ಎದುರು ಬೇಡ.

ನಮ್ಮ ಕ್ವಾಕು ಹೋಗಿಬಿಟ್ಟ. ಮಂಗಳವಾರ ಬೆಳಿಗ್ಗೆ, ಇಲ್ಲಿಯ ಆಸ್ಪತ್ರೆಯಲ್ಲಿ. ಮರ ಕಡಿಯುವ ಕಡೆ ದಿಮ್ಮಿ ಉರುಳಿ ಅವನ ಎದೆಯ ಮೇಲೆ ಬಂತಂತೆ. ಜೊತೆಯವರು ಲಾರಿಯಲ್ಲಿ ಮಲಗಿಸಿಕೊಂಡು ಪಟ್ಟಣಕ್ಕೆ ತಂದರು. ಕೊನೆಯವರೆಗೂ ನಾನು ಪಕ್ಕದಲ್ಲಿದ್ದೆ. ಈ ಸೆಕೆಯಲ್ಲಿ ದೇಹವನ್ನು ಊರಿಗೆ ಸಾಗಿಸುವ ಮಾತೇ ಇರಲಿಲ್ಲ. ಮರುದಿನ ಇಲ್ಲೇ ಮಣ್ಣು ಮಾಡಿದೆವು. ಅದಕ್ಕೆ ಮೊದಲು ಅವನ ಕೂದಲು, ಉಗುರು ಕತ್ತರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಅಷ್ಟು ಮಾತ್ರ ನೆನಪಾಯಿತು. ದೇಹದ ಬದಲು ಅದನ್ನು ಊರಿನ ಮಣ್ಣಿಗೆ ಕಳಿಸುವ ದಾರಿ ನೋಡುತ್ತಿದ್ದೇನೆ.

ಮೊದಲು ಡಚ್ಚಿನಲ್ಲಿ ನಾಲ್ಕು ಸಾಲು ಬರೆದು ನೋಡಿದೆ. ದಿನವಿಡೀ ಮಕ್ಕಳಿಗೆ ಕಲಿಸುವ ಭಾಷೆ, ಕೈ ತಾನಾಗಿ ಅತ್ತ ಹೋಯಿತು. ಓದಿದರೆ ಬೇರೆ ಯಾರದೋ ತಮ್ಮ ಸತ್ತಂತಿತ್ತು. ಹರಿದು ಹಾಕಿ, ನೀವು ಕಲಿಸಿದ ನಮ್ಮ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಅವ್ವನಿಗೆ ಯಾವಾಗ, ಹೇಗೆ ಹೇಳಬೇಕೋ ನಿಮಗೆ ಗೊತ್ತು.

ನಿಮ್ಮ ಅಕ್ಕನ ಮಗಳು
ಅಫೀಬಾ


ಸಾಂತಿಗೋನ್, ತಾಪನಾಹೋನಿ ಹೊಳೆ
3 ಸೆಪ್ಟೆಂಬರ್ 1963

ಮಗಳೇ ಅಫೀಬಾ,

ನಿನ್ನ ಕಾಗದ ತಲುಪಿತು. ಹೇಗೆ ತಲುಪಿತು ಎಂಬುದನ್ನು ಹೇಳುತ್ತೇನೆ, ಕೇಳು.

ನೀನು ಹನ್ನೊಂದನೇ ವಯಸ್ಸಿಗೆ ಪಾದ್ರಿಗಳ ಶಾಲೆಗೆ ಹೋದವಳು. ಕಾಗದವೆಂದರೆ ಇಬ್ಬರ ನಡುವೆ ಮುಚ್ಚಿಟ್ಟ ಮಾತು ಎಂದು ಅಲ್ಲಿ ಕಲಿಸಿರಬಹುದು. ಇಲ್ಲಿ ಹಾಗಲ್ಲ ಎಂಬುದು ನಿನಗೆ ಮರೆತೇ ಹೋಯಿತೆ? ದೋಣಿಯವನು ದಡ ಹತ್ತುವ ಮೊದಲೇ ‘ಅಕೂಬಾ ಮಗಳ ಕಾಗದ!’ ಎಂದು ಕೂಗಿದ. ನಾನು ಕನ್ನಡಕ ಹುಡುಕುವಷ್ಟರಲ್ಲಿ ನಿನ್ನ ಅವ್ವ ಮಣೆ ತಂದು ಎದುರಿಗೆ ಕೂತಾಗಿತ್ತು. ಪಕ್ಕದ ಮನೆಯ ಮಾ ಯೆಯೆ ಗೆಣಸು ತುರಿಯುವುದನ್ನು ಬಿಟ್ಟು ಬಂದಳು. ಇನ್ನೂ ನಾಲ್ಕು ಜನ ಬಂದರು. ಯಾವ ಕಾಗದ ಬಂದಾಗಲೂ ಹೀಗೇ ಅಲ್ಲವೆ?

ಬಿಡಿಸಿದೆ. ನೀವೊಬ್ಬರೇ ಓದಿ ಎಂಬ ಸಾಲು ಕಣ್ಣಿಗೆ ಬಿತ್ತು. ಅದರ ಕೆಳಗಿನದೂ ಬಿತ್ತು. ಕಣ್ಣಿಗೆ ಬಿದ್ದದ್ದನ್ನು ಬೀಳಲಿಲ್ಲ ಎನ್ನುವುದು ಹೇಗೆ?

‘ಓದೋ ತಮ್ಮಾ. ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡವನ ಥರ ಕೂತಿದ್ದೀಯಲ್ಲ’ ಎಂದಳು ಅಕ್ಕ.

‘ವಯಸ್ಸಾಯ್ತು ಕಣೇ ಅಕೂಬಾ ನಿನ್ ತಮ್ಮನಿಗೆ. ಇರುವೆ ಸಾಲೂ ಅಕ್ಷರಾನೂ ಒಂದೇ ಥರ ಕಾಣ್ತಿರ್ಬೇಕು’ ಎಂದು ಮಾ ಯೆಯೆ ನಕ್ಕಳು.

ನಾನು ಓದಿದೆ, ಮಗಳೇ. ‘ಅವ್ವಾ, ನಾವು ಚೆನ್ನಾಗಿದ್ದೇವೆ’ ಎಂದು ಓದಿದೆ. ಒಂದು ಸುಳ್ಳು ಇನ್ನೊಂದರ ಕೈ ಹಿಡಿದು ಕರೆತಂದಿತು. ಕ್ವಾಕು ಮನೆಗೆ ಬಂದಿದ್ದ ಎಂದೆ. ಮೈಕೈ ತುಂಬಿಕೊಂಡಿದ್ದಾನೆ ಎಂದೆ. ಅವ್ವಾ, ನಿನಗೆ ಕೆಂಪು ಪಟ್ಟೆಯ ಬಟ್ಟೆ ತೆಗೆದಿಟ್ಟಿದ್ದಾನೆ, ಹೊಳೆಯಲ್ಲಿ ನೀರು ಏರಿದ ಮೇಲೆ ಊರಿಗೆ ಬರುತ್ತಾನೆ ಎಂದೆ. ಕೆಂಪು ಪಟ್ಟೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅಕ್ಕ ಚಪ್ಪಾಳೆ ತಟ್ಟಿದಳು.

ಸಾವಿನ ಸುದ್ದಿಗೆ ನಮ್ಮಲ್ಲಿ ಕಾಲುಗಳಿವೆ. ಅದು ಬೆಳಕು ಹರಿಯುವ ಹೊತ್ತಿಗೆ ಬರಬೇಕು. ಹೇಳುವವನು ಹೇಳಬೇಕು, ಹೂಂಗುಟ್ಟುವವನು ಒಂದೊಂದು ಮಾತಿಗೂ ‘ಹಾಗೇ’ ಎನ್ನಬೇಕು. ಆಗ ಆ ಮಾತು ಒಬ್ಬರ ಎದೆಗೆ ನೇರವಾಗಿ ಬಡಿಯದೆ, ಕೈಯಿಂದ ಕೈಗೆ ದಾಟಿ ಊರಿನ ಮಡಿಲಿಗೆ ಬಂದು ಕೂರುತ್ತದೆ. ನೀನು ಕಳಿಸಿದ್ದು ಹೂಂಗುಟ್ಟುವವರಿಲ್ಲದ ಮಾತು. ಅದು ನನ್ನ ಗಂಟಲಲ್ಲಿ ನಿಂತಿದೆ. ಹೊರಗೆ ಬಂದಿಲ್ಲವಾದ್ದರಿಂದ ಕ್ವಾಕು ಈ ಊರಿನಲ್ಲಿ ಇನ್ನೂ ಸತ್ತಿಲ್ಲ. ನಾನು ಅಳುವಂತೆಯೂ ಇಲ್ಲ. ಕಣ್ಣು ಕೆಂಪಾದರೆ ಯಾರಾದರೂ ಕೇಳುತ್ತಾರೆ.

ಇನ್ನೊಂದು ವಿಷಯ ಇದೆ. ಇದೂ ಸಣ್ಣದಲ್ಲ. ಅಫಾಕಾ ಅಜ್ಜನ ಕನಸಿಗೆ ಬಂದ ನಮ್ಮ ಈ ಅಕ್ಷರ ಕೈಯಿಂದ ಕೈಗೆ ದಾಟಿ ನನ್ನ ಸೋದರಮಾವನವರೆಗೆ ಬಂತು. ಅವನು ನನಗೆ, ನಾನು ನಿನಗೆ. ಇವತ್ತು ನಮ್ಮ ಊರಲ್ಲಿ ಓದಬಲ್ಲವನು ನಾನೊಬ್ಬನೇ. ಕ್ಯಾಪ್ಟನ್ ಯಾವಾಗಲೂ ಚುಚ್ಚುತ್ತಿದ್ದ: ‘ನಿನ್ ಕಾಗದ ಮಾತಾಡುತ್ತೆ ಅಂತೀಯ ಜಾಬಿನಿ. ನಮಗೆ ಕೇಳ್ಸೋದು ನಿನ್ ಬಾಯಿ ತಾನೇ?’ ಊರ ಯಜಮಾನ ಅವನು, ಅನ್ನಲಿ ಎಂದು ನಾನು ನಗುತ್ತಿದ್ದೆ. ಈಗ ಅವನ ಮಾತನ್ನು ನಾನೇ ನಿಜ ಮಾಡಿದೆ. ನಿಜ ತಿಳಿದ ದಿನ ಊರು ಈ ಅಕ್ಷರವನ್ನು ಇನ್ನೊಮ್ಮೆ ನಂಬೀತೆ? ನಿನ್ನ ನನ್ನ ನಡುವೆ ಇದು ತೂಗುಮಂಚದ ಹಾಗೆ ಕಟ್ಟಿಕೊಂಡಿತ್ತು. ಒಂದು ಕಡೆಯ ಹಗ್ಗ ನನ್ನ ಕೈಯಿಂದಲೇ ತುಂಡಾಯಿತು.

ಕೂದಲನ್ನು ಬೇಗ ಕಳಿಸು. ಬಾಯಿರುವ ಮನುಷ್ಯರ ಜೊತೆ ಕಳಿಸು.

ನಿನ್ನ ಮಾವ
ಜಾಬಿನಿ


ಪಾರಾಮಾರಿಬೋ
22 ಸೆಪ್ಟೆಂಬರ್ 1963

ಮಾವಾ,

ನಾನು ಹಾಗೇಕೆ ಬರೆದೆ ಎಂದು ಕೇಳಿಕೊಳ್ಳುತ್ತಿದ್ದೇನೆ. ಮರೆತೆ ಎಂದುಬಿಟ್ಟರೆ ಸುಲಭ. ಆದರೆ ಕೂದಲು ಕತ್ತರಿಸುವುದು ನೆನಪಿದ್ದವಳಿಗೆ ಇದು ಮಾತ್ರ ಮರೆತೀತೆ? ಆ ಭಾರವನ್ನು ಯಾರ ಕೈಗಾದರೂ ದಾಟಿಸಬೇಕಾಗಿತ್ತು ಎಂದು ಕಾಣುತ್ತದೆ. ಕಾಗದದಲ್ಲಿ ದಾಟಿಸಿದರೆ ಎದುರಿನವರ ಮುಖ ನೋಡಬೇಕಿಲ್ಲ. ಶಾಲೆಯಲ್ಲಿ ಅಷ್ಟು ವರ್ಷ ಕಲಿತದ್ದು ಇದನ್ನೇ ಇರಬಹುದು. ಮುಖ ನೋಡುವ ಕೆಲಸವನ್ನು ನಿಮಗೆ ಬಿಟ್ಟೆ.

ಅಪ್ಪನ ಕಡೆಯ ಸಿಯೋನಿಯನ್ನು ಕಂಡು ಮಾತನಾಡಿದೆ. ಅವನು ಮತ್ತು ಇನ್ನಿಬ್ಬರು ಕೂದಲನ್ನು ಒಯ್ಯಲು ಒಪ್ಪಿದ್ದಾರೆ. ಆದರೆ ಈಗಲೇ ಅಲ್ಲವಂತೆ. ‘ನೀರು ತಗ್ಗಿದೆ ಅಕ್ಕಾ. ಉಪ್ಪಿನ ಮೂಟೆ ಆದ್ರೆ ಕೆಳಗಿಳಿಸಿ, ದೋಣೀನ ಬಂಡೆ ಮೇಲೆ ಎಳ್ದು ದಾಟಿಸ್ಬಹುದು. ಕ್ವಾಕುನ ಹಾಗೆ ಎಳ್ಕೊಂಡು ಹೋಗಕ್ಕಾಗುತ್ತಾ? ಅವನು ದೋಣಿ ನಡೆಸ್ತಿದ್ದ ಗಂಡಸು. ತೇಲ್ಕೊಂಡೇ ಮನೆಗೆ ಹೋಗ್ಬೇಕು’ ಎಂದ. ಮಳೆ ಶುರುವಾಗುವವರೆಗೆ ಕಾಯಬೇಕು.

ಅವರ ಜೊತೆ ನಾನೂ ಬರುತ್ತೇನೆಂದು ಶಾಲೆಯ ದೊಡ್ಡ ಪಾದ್ರಿಗಳನ್ನು ರಜೆ ಕೇಳಿದೆ. ‘ಮಿಸ್ ಹೆನ್ರಿಯೆತ್, ನಿಮ್ಮ ತಮ್ಮನಿಗೆ ಪ್ರಾರ್ಥನೆ ಹೇಳಿ ಮಣ್ಣು ಮಾಡಿ ಆಯಿತಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಸಲ ಮಣ್ಣು?’ ಎಂದು, ಶಾಲೆಯಲ್ಲಿ ನನಗಿಟ್ಟ ಹೆಸರಿನಿಂದಲೇ ಕರೆದು ಕೇಳಿದರು. ಕೇಳಿದ ರೀತಿ ಒರಟಾಗಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದಂತಿತ್ತು. ರಜೆ ಮಾತ್ರ ಕೊಡಲಿಲ್ಲ. ಹೇಳದೆಯೇ ಹೊರಟುಬಿಡಬಹುದು. ಹೊರಡುತ್ತೇನೆ ಎಂದು ನನಗೇ ನಂಬಿಕೆ ಬರುತ್ತಿಲ್ಲ. ಇದು ಕೆಲಸ ಹೋದೀತೆಂಬ ಭಯವೋ, ಅವ್ವನ ಎದುರು ನಿಲ್ಲುವ ಭಯವೋ, ಬಿಡಿಸಿ ನೋಡಲಾರೆ.

ನೀವು ಅವ್ವನಿಗೆ ಓದಿ ಹೇಳುವಂಥ ಇನ್ನೊಂದು ಕಾಗದ ಬರೆಯಲೇ ಎಂದು ನಿನ್ನೆ ಕೂತೆ. ‘ಕ್ವಾಕು’ ಎಂದು ಬರೆದೆ. ಅದರ ಮುಂದೆ ಏನು ಬರೆದರೂ ಸುಳ್ಳಾಗುತ್ತಿತ್ತು, ಇಲ್ಲವೇ ನಿಜವಾಗುತ್ತಿತ್ತು. ಎರಡೂ ಆಗಲಿಲ್ಲ.

ಅವ್ವ ಹೇಗಿದ್ದಾಳೆ?

ಅಫೀಬಾ


ಸಾಂತಿಗೋನ್
15 ಅಕ್ಟೋಬರ್ 1963

ಮಗಳೇ,

ಅವ್ವ ಹೇಗಿದ್ದಾಳೆ ಎಂದು ಕೇಳಿದ್ದೀಯ. ಸಂತೋಷವಾಗಿದ್ದಾಳೆ. ಅದನ್ನು ನೋಡುವುದೇ ನನಗೆ ಕಷ್ಟವಾಗಿದೆ.

ನಿನ್ನೆ ಬಂದು, ‘ಕ್ವಾಕುಗೆ ಒಂದು ಕಾಗದ ಬರೀಬೇಕು, ಸೀಸದ ಕಡ್ಡಿ ತಗೋ’ ಎಂದಳು. ಕೈನೋವು ಎಂದೆ. ‘ತಿನ್ನೋವಾಗ ನೋಯಲ್ವಾ?’ ಎಂದಳು. ಬೇರೆ ದಾರಿ ಇರಲಿಲ್ಲ. ಅವಳು ಹೇಳಿದಂತೆ, ಒಂದು ಅಕ್ಷರವನ್ನೂ ಬಿಡದೆ, ಒಂದನ್ನೂ ಸೇರಿಸದೆ ಬರೆದುಕೊಂಡೆ. ಆಮೇಲೆ ‘ಈಗ ಓದು’ ಎಂದಳು. ಓದಿದೆ. ಸರಿಯಾಗಿದೆ ಎಂದು ತಲೆದೂಗಿದಳು. ಈ ವರ್ಷ ನಾನು ಗಟ್ಟಿಯಾಗಿ ಓದಿದ್ದರಲ್ಲಿ ಸುಳ್ಳಿಲ್ಲದ ಕಾಗದ ಇದೊಂದೇ ಇರಬೇಕು.

ಅವಳು ಕಳಿಸು ಎಂದದ್ದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಇದರ ಜೊತೆಗಿಟ್ಟಿದ್ದೇನೆ. ಯಾರಿಗೆ ತಲುಪಿಸುತ್ತೀಯೋ ನಿನಗೆ ಬಿಟ್ಟದ್ದು.

ಜಾಬಿನಿ


(ಜೊತೆಗಿದ್ದ ಕಾಗದ)

ಲೋ ಕ್ವಾಕೂ,

ನಿನ್ನಕ್ಕನ ಕಾಗದದಲ್ಲಿ ಎಲ್ಲಾ ಗೊತ್ತಾಯ್ತು. ಮೈಕೈ ತುಂಬ್ಕೊಂಡಿದ್ದೀಯಂತೆ. ಯಾರಪ್ಪಾ ಹಂಗೆ ಉಣ್ಣಿಸ್ತಿರೋದು? ಹುಡುಗಿ ಇದ್ರೆ ಮುಚ್ಚಿಡಬೇಡ. ನಮ್ಮ ಕುಲದವಳಾಗಿರ್ದಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.

ಕೆಂಪು ಪಟ್ಟೆ ಬಟ್ಟೆ ವಿಷ್ಯ ಮಾ ಯೆಯೆ ಹತ್ರ ಬಾಯಿಬಿಟ್ಟೆ. ಬಿಡಬಾರ್ದಿತ್ತು. ಈಗ ಅವಳಿಗೂ ಒಂದು ಬೇಕಂತೆ. ಅವಳಿಗೆ ಸ್ವಲ್ಪ ಸಣ್ಣದು ತಗೋ, ಒಂದೇ ಥರದ್ದು ಬೇಡ.

ಕಡಲೆಕಾಯಿ ಕಿತ್ತು ಒಣಗ್ಸಿದ್ದೀನಿ. ನೀನು ಬಂದ್ಮೇಲೇ ಹುರಿಯೋದು. ನಿನ್ನ ಮಾವ ಈಗ ಬರೀತಾ ಬರೀತಾ ಮುಖ ಕಿವುಚ್ಕೊಂಡಿದ್ದಾನೆ. ಕಡಲೆಕಾಯಿ ಮುಟ್ಟಬೇಡ ಅಂದಿದ್ದಕ್ಕೇ ಇರ್ಬೇಕು. ಇದನ್ನೂ ಬರಿ ಅಂದೆ, ಬರ್ದ.

ನಿನ್ನ ದೋಣಿ ಮಗುಚಿ ಹಾಕಿದೆ. ಗೆದ್ದಲು ಹಿಡೀದಿರ್ಲಿ ಅಂತ ಅದರ ಕೆಳಗೆ ಹೊಗೆ ಹಾಕ್ತಿರ್ತೀನಿ. ದೋಣಿ ಬಿಟ್ಟು ಮರದ ಕೆಲಸಕ್ಕೆ ಯಾಕೆ ಹೋದೆಯೋ, ಅದು ನನಗೆ ಇವತ್ತಿಗೂ ಒಪ್ಪಿಲ್ಲ. ಬಾ, ಬಂದ್ಮೇಲೆ ಬೈತೀನಿ.

ಬರೋದಾದ್ರೆ ಬೇಗ ಬಾ. ಆಗ್ದಿದ್ರೆ ಆಗಲ್ಲ ಅಂತಾದ್ರೂ ಹೇಳಿಸು. ಸುಮ್ಮನಿರಬೇಡ.

ನಿನ್ನ ಅವ್ವ


ಪಾರಾಮಾರಿಬೋ
28 ನವೆಂಬರ್ 1963

ಮಾವಾ,

ಮಳೆ ಬಿತ್ತು. ಸಿಯೋನಿ ಮತ್ತು ಅವನ ಜೊತೆಯವರು ನಾಳೆ ಹೊರಡುತ್ತಾರೆ. ಈ ಕಾಗದ ಅವರಿಗಿಂತ ಮೊದಲು ತಲುಪಿದರೆ ಬಿಚ್ಚಬೇಡಿ ಎಂದು ಕಾಗದ ತರುವವನ ಬಾಯಲ್ಲಿ ಹೇಳಿಕಳಿಸಿದ್ದೇನೆ.

ಅವ್ವನ ಕಾಗದವನ್ನು ಕ್ವಾಕುಗೇ ಓದಿ ಹೇಳಿದೆ. ಇಲ್ಲಿನ ಸ್ಮಶಾನ ಸಾಲುಮನೆಗಳ ಹಾಗಿದೆ. ಎಲ್ಲರೂ ಅವರವರ ಭಾಷೆಯಲ್ಲಿ ಮಲಗಿದ್ದಾರೆ. ಪಕ್ಕದಲ್ಲಿ ಹೂವಿಡಲು ಬಂದಿದ್ದ ಹೆಂಗಸು ನನ್ನನ್ನು ನೋಡಿ ದೂರ ಸರಿದಳು. ಗಟ್ಟಿಯಾಗಿಯೇ ಓದಿದೆ. ಮಾ ಯೆಯೆಗೆ ಸಣ್ಣ ಬಟ್ಟೆ ಎಂಬಲ್ಲಿ ನನಗೆ ನಗು ಬಂತು.

ನಾನು ದೋಣಿ ಹತ್ತುತ್ತಿಲ್ಲ. ರಜೆ ಸಿಗಲಿಲ್ಲ ಎಂಬುದು ನಿಜ. ಅದೊಂದೇ ನಿಜವಲ್ಲ ಎಂಬುದೂ ನಿಮಗೆ ಗೊತ್ತು.

ಅಫೀಬಾ


ಸಾಂತಿಗೋನ್
27 ಡಿಸೆಂಬರ್ 1963

ಮಗಳೇ ಅಫೀಬಾ,

ಇದನ್ನು ಬರೆಯಲು ಊರಿನ ಅಪ್ಪಣೆ ಇದೆ. ಇದರ ಮುಂದಿನದಕ್ಕಿಲ್ಲ. ಏಕೆಂದು ಹೇಳುತ್ತೇನೆ.

ಸಿಯೋನಿಯವರು ಸಂಜೆ ಬಂದರು. ಊರೊಳಗೆ ಕಾಲಿಡದೆ ದಡದ ಕೆಳಗೇ ರಾತ್ರಿ ಕಳೆದರು. ಬೆಳಕು ಹರಿಯುವಾಗ ಕ್ಯಾಪ್ಟನ್ ಸಭೆ ಕರೆಸಿದ. ಹೂಂಗುಟ್ಟಲು ಹಿರಿಯ ತೆಲ್ಲೊ ಕೂತ. ಸಭೆ ಎಂದಮೇಲೆ ಜಗಳವೋ ಜಮೀನೋ ಇರಬೇಕೆಂದು ನಿನ್ನ ಅವ್ವ ಹೆಂಗಸರ ಸಾಲಿನಲ್ಲಿ ಆಕಳಿಸುತ್ತಾ ಕೂತಿದ್ದಳು.

ಸಿಯೋನಿ ಕ್ಯಾಪ್ಟನ್ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ. ತೆಲ್ಲೊನ ಕಡೆ ತಿರುಗಿ ಶುರುಮಾಡಿದ.

‘ನಾವು ಕೆಳಗಿಂದ ಬಂದ್ವಿ, ತೆಲ್ಲೊ.’

‘ಹಾಗೇ.’

‘ಮಳೆ ಬಿದ್ದು ನೀರು ಏರ್ತು. ಹೊರಟ್ವಿ.’

‘ಹಾಗೇ.’

‘ಹುಟ್ಟು ಹಾಕಿದವರು ಮೂರು ಜನ.’

‘ಹಾಗೇ.’

‘ದೋಣೀಲಿ ಬಂದವರು ನಾಲ್ಕು.’

ತೆಲ್ಲೊ ತಡೆದ. ಸಭೆಗೆಲ್ಲ ಅರ್ಥವಾಗಿತ್ತು. ಆಮೇಲೆ ‘ಹಾಗೇ’ ಎಂದ, ಬಹಳ ಮೆಲ್ಲಗೆ. ಸಿಯೋನಿ ಬಿಳಿಗಂಟನ್ನು ಎತ್ತಿ ಹೆಸರು ಹೇಳಿದ.

ಅಕ್ಕ ಅಳಲಿಲ್ಲ. ‘ಇಲ್ಲ, ಬೇರೆ ಕ್ವಾಕು ಇರ್ಬೇಕು. ನಮ್ಮೋನು ಬಟ್ಟೆ ತಗೊಂಡಿದ್ದಾನೆ. ಕಾಗದದಲ್ಲಿ ಬಂದಿತ್ತಲ್ಲ’ ಎಂದಳು. ಸುತ್ತಲಿನವರಿಗೆ ಒಬ್ಬೊಬ್ಬರಿಗೂ ಹೇಳಿದಳು, ‘ಬಂದಿತ್ತಲ್ಲ? ನೀನೂ ಕೇಳ್ದೆ ಅಲ್ವಾ?’ ಮಾ ಯೆಯೆ ಅವಳ ಭುಜ ಹಿಡಿದುಕೊಂಡಳು.

ಆಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಯಾವಾಗ ಹೋದದ್ದು ಎಂದು ಕ್ಯಾಪ್ಟನ್ ತೆಲ್ಲೊನ ಮೂಲಕ ಸಿಯೋನಿಯನ್ನು ಕೇಳಿಸಿದ. ಆಗಸ್ಟ್ ಎಂದ ಸಿಯೋನಿ.

‘ಆಗಸ್ಟಲ್ಲಿ ಸತ್ತೋನು ಸೆಪ್ಟೆಂಬರಲ್ಲಿ ಮೈಕೈ ತುಂಬ್ಕೊಂಡಿದ್ದು ಹೇಗೆ ಅಂತ ಜಾಬಿನೀನ ಕೇಳು, ತೆಲ್ಲೊ’ ಎಂದ ಕ್ಯಾಪ್ಟನ್.

ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪ್ರತಿ ಮಾತಿಗೂ ತೆಲ್ಲೊ ‘ಹಾಗೇ’ ಎಂದ. ‘ಕಾಗದದಲ್ಲಿ ಇಲ್ಲದ್ದನ್ನು ಓದಿದೆ’ ಎಂದಾಗ ಮಾತ್ರ ಸುಮ್ಮನಾದ. ಆ ಮಾತು ಅಲ್ಲೇ ನೆಲದ ಮೇಲೆ ಬಿದ್ದಿತ್ತು, ಯಾರೂ ಎತ್ತಲಿಲ್ಲ.

ಕೂದಲನ್ನು ಮಾಡಬೇಕಾದ ಹಾಗೆ ಮಾಡಿ ಮಣ್ಣಿಗೆ ಇಟ್ಟೆವು. ಹಿರಿಯರ ಕಂಬಕ್ಕೆ ರಮ್ ಎರೆದೆವು. ಕ್ವಾಕು ಈಗ ಮನೆಯಲ್ಲಿದ್ದಾನೆ. ಆ ವಿಷಯದಲ್ಲಿ ನಿನ್ನ ಮನಸ್ಸಿಗೆ ಸಮಾಧಾನವಿರಲಿ.

ಅದಾದ ಮೇಲೆ ಅಕ್ಷರದ ಮಾತು ಬಂತು. ಇದ್ದಬದ್ದ ಕಾಗದವನ್ನೆಲ್ಲ ಸುಟ್ಟುಬಿಡಿ ಎಂದವರೂ ಇದ್ದರು. ಕ್ಯಾಪ್ಟನ್ ಒಪ್ಪಲಿಲ್ಲ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಅಕ್ಷರ ಸುಳ್ಳು ಹೇಳಲ್ಲ ಅಂತೀಯ ಜಾಬಿನಿ. ಇರ್ಬಹುದು. ನಾನು ಕ್ಯಾಪ್ಟನ್ನು. ನನ್ನ ಮಾತಿಗೂ ಒಬ್ಬ ಹೂಂಗುಟ್ಟೋನು ಬೇಕು. ನಿನ್ನ ಕಾಗದಕ್ಕೆ ಮಾತ್ರ ಬೇಡ ಅಂತ ಯಾರು ಹೇಳಿದ್ದು? ಇನ್ಮೇಲೆ ಓದೋನ ಪಕ್ಕ ಒಬ್ಬ ಕೂರ್ಬೇಕು. ಅವನು ಕಾಗದ ನೋಡಿ ಹಾಗೇ ಅನ್ಬೇಕು, ನಿನ್ನ ಬಾಯಿ ನೋಡಿ ಅಲ್ಲ.’

ನ್ಯಾಯವಾದ ಮಾತು. ಆದರೆ ಕಾಗದ ನೋಡಿ ಹೂಂಗುಟ್ಟಲು ಓದು ಬಲ್ಲ ಇನ್ನೊಬ್ಬ ಬೇಕು. ಅಂಥವನು ಈ ಊರಲ್ಲಿಲ್ಲ. ಹುಡುಗರಿಗೆ ಹೇಳಿಕೊಡುತ್ತೇನೆ ಎಂದೆ. ಅವರ ಅವ್ವಂದಿರು ಮಕ್ಕಳನ್ನು ಒಳಗೆ ಕರೆದುಕೊಂಡರು. ಇನ್ನು ಮುಂದೆ ಬರುವ ಕಾಗದವೆಲ್ಲ ಸಭೆಯ ಮಾಡಿನ ಬುಟ್ಟಿಯಲ್ಲಿ ಬಿಚ್ಚದೆ ಇರುತ್ತವೆ. ನನ್ನ ಜೊತೆ ಈ ಅಕ್ಷರ ಮುಗಿಯುತ್ತದೆ ಎಂದು ಕಾಣುತ್ತದೆ.

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅನ್ನ ತಂದಿಡುತ್ತಾಳೆ, ತಿರುಗಿ ಹೋಗುತ್ತಾಳೆ. ಒಂದೇ ಸಲ ಬಾಯಿಬಿಟ್ಟಳು, ಅದೂ ಮಾ ಯೆಯೆಗೆ ಹೇಳುವವಳ ಹಾಗೆ: ‘ಮಗ ಸತ್ತ ಮೇಲೆ ಮೂರು ತಿಂಗಳು ನನ್ನನ್ನ ನಗಿಸಿದ.’

ಜಾಬಿನಿ


ಪಾರಾಮಾರಿಬೋ
11 ಫೆಬ್ರವರಿ 1964

ಮಾವಾ, ಅವ್ವಾ,

ಯಾರೂ ಬಿಚ್ಚದ ಕಾಗದ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಓದುವವರಿಲ್ಲ ಎಂಬ ಧೈರ್ಯಕ್ಕೆ ಬರೆಯುತ್ತಿದ್ದೇನೋ ಏನೋ.

ನಿನ್ನೆ ತರಗತಿಯಲ್ಲಿ ಒಬ್ಬ ಹುಡುಗಿ ಪಾಠ ಓದುತ್ತಿದ್ದಳು. ಸಾಲು ಮುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ‘ಹಾಗೇ’ ಎಂದು ಕೇಳಿಸುತ್ತಿತ್ತು. ನಮ್ಮ ಹೊಳೆಯ ಕಡೆಯಿಂದ ಹೊಸದಾಗಿ ಬಂದ ಮಗು. ಮಿಕ್ಕವರು ನಕ್ಕರು. ಸುಮ್ಮನಿರು ಎಂದು ಹೇಳಲು ಬಾಯಿ ತೆರೆದೆ. ಎಷ್ಟು ವರ್ಷಗಳಿಂದ ಎಷ್ಟು ಮಕ್ಕಳಿಗೆ ಹಾಗೆ ಹೇಳಿದ್ದೇನೋ! ಆ ಮಗುವಿನ ಜಾಗದಲ್ಲಿ ಒಮ್ಮೆ ನಾನೂ ಕೂತಿದ್ದೆ, ನನಗೂ ಯಾರೋ ಹಾಗೆ ಹೇಳಿದ್ದರು.

ನಿನ್ನೆ ಹೇಳಲಿಲ್ಲ. ಅಷ್ಟೇ.

ಅಫೀಬಾ


ಪಾರಾಮಾರಿಬೋ
19 ಜೂನ್ 1964

ಮಾವಾ, ಅವ್ವಾ,

ಶಾಲೆಯ ದೊಡ್ಡ ರಜೆಗೆ ಊರಿಗೆ ಬರುತ್ತೇನೆ, ಈ ಸಲ ಯಾರನ್ನೂ ಕೇಳುವುದಿಲ್ಲ ಎಂದು ಸಿಯೋನಿಯ ಬಾಯಲ್ಲಿ ಹೇಳಿಕಳಿಸಿದ್ದೆ. ನಿನ್ನೆ ಅವನು ಉತ್ತರ ತಂದ. ‘ಅವ್ವ ಈಗಲೇ ಬರ್ಬೇಡ ಅಂದ್ರು ಅಕ್ಕಾ. ಕಾಗದ ಮಾತ್ರ ಬರೀತಿರ್ಬೇಕಂತೆ.’

ಮತ್ತೆ ಕೇಳಿದೆ. ಅಷ್ಟೇ ಹೇಳಿದ್ದು ಎಂದ. ಕೋಪದಲ್ಲಿದ್ದಳೇ ಎಂದೆ. ‘ಬೆರಳಿಗೆಲ್ಲ ಮಸಿ ಮೆತ್ಕೊಂಡಿದ್ರು. ಒಲೆ ಮುಂದಿಂದ ಎದ್ದು ಬಂದಿರ್ಬೇಕು’ ಎಂದ.

ಬುಟ್ಟಿಗೆ ಬೀಳುವ ಕಾಗದ ಬರೆ ಎನ್ನುವುದೇಕೆ? ಮುಖ ನೋಡಲು ಬೇಡ, ಕಾಗದ ಸಾಕು ಎಂದೇ? ನಾನು ಮಾಡಿದ್ದನ್ನೇ ನನಗೆ ತಿರುಗಿಸಿದ್ದಾಳೆ ಎಂದುಕೊಂಡೆ. ಅದು ಅವಳ ಹಕ್ಕು. ಬರೆಯುತ್ತಿರುತ್ತೇನೆ.

ಅಫೀಬಾ


ಸಾಂತಿಗೋನ್
ಸೆಪ್ಟೆಂಬರ್ 1964

ಮಗಳೇ ಅಫೀಬಾ।

ಇದು ನನ್ನ ಕೈ। ನಿನ್ನ ಮಾವನದಲ್ಲ। ಅವನು ಪಕ್ಕದಲ್ಲಿದ್ದಾನೆ। ತಿದ್ದಕ್ಕೆ ಬಂದ। ಹೊಡೆದೆ।

ಅವನ ಜೊತೆ ಮಾತು ಬಿಟ್ಟಿದ್ದೆ। ಹೊಳೆ ದಡದ ಮರಳಲ್ಲಿ ಅವನು ಒಬ್ಬನೇ ಕೂತು ಗೀಚ್ತಿದ್ದ। ಹೋಗಿ ಎದುರಿಗೆ ಕೂತೆ। ಮಾತಾಡಲಿಲ್ಲ। ಅವನು ಒಂದು ಗೀಚಿದ, ನಾನು ಹಾಗೇ ಗೀಚಿದೆ। ಮರುದಿನಾನೂ ಹೋದೆ। ಮಾತಿಲ್ಲದೆ ಕಲಿತೆ। ಒಂದು ದಿನ ತಪ್ಪು ಗೀಚಿದೆ, ಅವನು ನಕ್ಕ। ಬೈಬೇಕಾಯ್ತು। ಹಾಗೆ ಮಾತು ಶುರುವಾಯ್ತು। ಮರಳಾದ್ಮೇಲೆ ಹಲಗೆ ಮೇಲೆ ಇದ್ದಿಲಲ್ಲಿ ಬರೆದೆ।

ಮಾ ಯೆಯೆ ಕೇಳಿದಳು, ಈ ವಯಸ್ಸಲ್ಲಿ ನಿನಗ್ಯಾಕೆ ಅಂತ। ಬೇರೆ ಯಾರೂ ಬರಲಿಲ್ಲ, ನನ್ನ ಮಗಳ ಮಾತು ಬುಟ್ಟೀಲಿ ಕೊಳೀತಿದೆ, ಅದಕ್ಕೆ ಅಂದೆ।

ಮೊನ್ನೆ ಕ್ಯಾಪ್ಟನ್ ನನ್ನನ್ನ ಪರೀಕ್ಷೆ ಮಾಡಿದ। ನಿನ್ನ ಮಾವನ್ನ ಆಚೆ ಕಳಿಸಿ ಕಾಗದ ಕೊಟ್ಟ। ನಿಧಾನ ಓದಿದೆ। ಹೆಂಗಸು ಹೂಂಗುಟ್ಟಿದ್ದು ಈ ಸಭೇಲಿ ಇಲ್ಲ ಅಂದ ತೆಲ್ಲೊ। ನೀನು ಕಲ್ತ್ಕೊಂಡು ಬಾ, ನಾನು ಏಳ್ತೀನಿ ಅಂದೆ। ಪಕ್ಕಕ್ಕೆ ಸರಿದು ಜಾಗ ಬಿಟ್ಟ।

ಬುಟ್ಟಿ ಇಳಿಸಿದ್ರು। ನಿನ್ನ ಮಾವ ಓದಿದ। ಒಂದು ಮಾತು ಮುಗಿದು ಗೀಟು ಬಂದ ಕಡೆಯೆಲ್ಲ ನಾನು ಕಾಗದ ನೋಡಿ ಹಾಗೇ ಅಂದೆ। ಎಲ್ಲಾ ಮುಗಿದ ಮೇಲೆ, ಅವನು ಸುಳ್ಳು ಓದಿದ್ದ ಮೊದಲನೇ ಕಾಗದ ತಾ ಅಂದೆ। ತಂದ। ಅದನ್ನೂ ಓದಿಸಿದೆ। ಅದಕ್ಕೂ ಹಾಗೇ ಅಂದೆ।

ನೀನು ಕೊನೇವರೆಗೂ ಪಕ್ಕದಲ್ಲಿದ್ದೆ ಅಂತ ಬರೆದಿದ್ದೀಯ। ಇದ್ದು ಏನು ನೋಡಿದೆ, ಏನು ಕೇಳಿದೆ ಬರೆದಿಲ್ಲ। ಸಿಯೋನಿಗೂ ಗೊತ್ತಿಲ್ಲ। ನಿನಗೆ ಮಾತ್ರ ಗೊತ್ತು। ನೀನು ಬಂದು ಹೇಳಿದ್ರೆ ನಾನು ಅಳ್ತೀನಿ, ನಿನ್ನ ಮಾತು ಅರ್ಧಕ್ಕೆ ನಿಲ್ಲುತ್ತೆ। ಅದಕ್ಕೇ ಬರಬೇಡ ಅಂದಿದ್ದು। ಬರಿ। ಗೀಟು ಹಾಕಿ ಬರಿ। ನಾನು ಹೂಂಗುಟ್ಟುತ್ತೀನಿ।

ನಿನ್ನ ಅವ್ವ
ಅಕೂಬಾ


ಪಾರಾಮಾರಿಬೋ
4 ಅಕ್ಟೋಬರ್ 1964

ಅವ್ವಾ।

ನಾನು ಹೋದಾಗ ಸಂಜೆಯಾಗಿತ್ತು। ಅವನಿಗೆ ಎಚ್ಚರವಿತ್ತು।

ನನ್ನನ್ನು ಗುರುತು ಹಿಡಿದ। ನಿನ್ನ ಕೂದಲು ನೆರೆತಿದೆ, ಅಕ್ಕಾ ಎಂದ।

ನೋವಿಗೆ ಸೂಜಿ ಹಾಕಿದ್ದರು। ಮುಖದಲ್ಲಿ ನೋವಿರಲಿಲ್ಲ। ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ। ಇತ್ತೆಂದರೆ ಇತ್ತೆಂದೇ ಬರೆಯುತ್ತಿದ್ದೆ।

ಸ್ವಲ್ಪ ಹೊತ್ತಾದ ಮೇಲೆ ಮಾತನಾಡತೊಡಗಿದ। ನನ್ನ ಜೊತೆ ಎಂದುಕೊಂಡೆ। ನನ್ನ ಜೊತೆ ಅಲ್ಲ। ದೋಣಿಯ ಮೂತಿಯಲ್ಲಿ ಗಳ ಹಿಡಿದು ನಿಂತವನಿಗೆ ಹೇಳುವಂತೆ ಹೇಳುತ್ತಿದ್ದ। ಎಡಕ್ಕೆ ತಳ್ಳು, ಇಲ್ಲಿ ನೀರು ಸುಳ್ಳು, ಕಪ್ಪಗಿರೋ ಕಡೆ ಹೋಗು ಎನ್ನುತ್ತಿದ್ದ।

ಊರಿಗೆ ಬರುತ್ತಿದ್ದ, ಅವ್ವಾ।

ನರ್ಸ್ ಬಂದು ಏನು ಹೇಳುತ್ತಿದ್ದಾನೆ ಎಂದು ಕೇಳಿದಳು। ಜ್ವರಕ್ಕೆ ಬಡಬಡಿಸುತ್ತಿದ್ದಾನೆ ಎಂದು ಡಚ್ಚಿನಲ್ಲಿ ಹೇಳಿದೆ। ಹೇಳಿದ ಮೇಲೆ ನಾಚಿಕೆಯಾಯಿತು।

ಅವನು ಒಂದು ಬಂಡೆಯ ಹೆಸರು ಹೇಳಿ ಸುಮ್ಮನಾಗುತ್ತಿದ್ದ। ಏನೋ ಕಾಯುವವನ ಹಾಗೆ ನನ್ನ ಕಡೆ ನೋಡುತ್ತಿದ್ದ। ಮತ್ತೆ ಅದೇ ಹೆಸರು ಹೇಳುತ್ತಿದ್ದ। ನನಗೆ ತಿಳಿಯಲು ಹೊತ್ತು ಹಿಡಿಯಿತು। ಆಮೇಲೆ ಹಾಗೇ ಎಂದೆ। ಕೂಡಲೇ ಮುಂದಿನದಕ್ಕೆ ಹೋದ।

ಹಾಗೆ ಬೆಳಗಾಗುವವರೆಗೆ ಬಂದೆವು। ಮುದುಕಿಯ ಮೊಣಕಾಲು ಎಂದ। ಹಾಗೇ ಎಂದೆ। ಇಬ್ಬರು ಭಾವಂದಿರು ಎಂದ। ಹಾಗೇ ಎಂದೆ। ಉಪ್ಪು ಚೆಲ್ಲಿದ ಕಲ್ಲು ಎಂದ। ಹೊಳೆ ಎರಡಾಗುವ ಕಡೆ ನಮ್ಮ ಹೊಳೆಗೆ ತಿರುಗಿದ। ಅಲ್ಲಿ ಅವನಿಗೆ ಸಮಾಧಾನವಾದಂತೆ ಕಂಡಿತು। ಅದರ ಮೇಲೆ ಬಂಡೆಗಳ ನಡುವೆ ನೀರು ಧುಮ್ಮಿಕ್ಕುವ ದೊಡ್ಡ ಅಬ್ಬರವನ್ನು ದಾಟಿಸಿದ। ಹಾಗೇ ಎಂದೆ। ಆಮರಗೊಂದಿ ಎಂದ। ಹಾಗೇ ಎಂದೆ।

ಮುಂದಿನ ಹೆಸರು ಬರಲಿಲ್ಲ। ಕಾದೆ। ಕಿಟಕಿಯಲ್ಲಿ ಬೆಳಕಿತ್ತು।

ನಾನು ಆ ಹೊಳೆ ಬಿಟ್ಟಾಗ ಹನ್ನೊಂದು ವರ್ಷದವಳು। ಆಮರಗೊಂದಿಯಿಂದ ನಮ್ಮ ದಡದವರೆಗೆ ಯಾವ ಯಾವ ಬಂಡೆ ಇದೆಯೋ ನನಗೆ ಗೊತ್ತಿಲ್ಲ। ನಿನಗೆ ಗೊತ್ತು। ಅಲ್ಲಿಂದ ಮುಂದಕ್ಕೆ ನೀನು ಬರಿ, ಅವ್ವಾ। ಒಂದೊಂದಕ್ಕೂ ಗೀಟು ಹಾಕು।

ಇಲ್ಲಿ ನಾನು ಹೂಂಗುಟ್ಟುತ್ತೇನೆ।

ನಿನ್ನ ಮಗಳು
ಅಫೀಬಾ